ಅಣುವೇ ಇಲ್ಲದ ನೀರಿಗೆ ರಕ್ತಕೋಶ ಓಗೊಡುತ್ತದೆಯೇ?

ಪ್ರಶ್ನೆ: ಅತಿಯಾಗಿ ತೆಳುಗೊಳಿಸಿದ ಹೋಮಿಯೋಪತಿ ದ್ರಾವಣಗಳು ರೋಗನಿರೋಧಕ ಕೋಶಗಳ ಮೇಲೆ ಪರಿಣಾಮ ಬೀರುತ್ತವೆಯೇ ಎಂದು ಪ್ರಯೋಗಾಲಯದಲ್ಲಿ ಇನ್ನೂ ಹುಡುಕಬೇಕೇ?

ಪರ

ಹುಡುಕಬೇಕು. 1988ರ ಜೂನ್‌ನಲ್ಲಿ 'ನೇಚರ್' ವಿಜ್ಞಾನ ಪತ್ರಿಕೆ ಅಚ್ಚು ಹಾಕಿದ ಪ್ರಬಂಧ ಯಾವುದೋ ಮೂಲೆಯಿಂದ ಬಂದದ್ದಲ್ಲ. ಅದನ್ನು ಬರೆದ ತಂಡದ ಮುಖ್ಯಸ್ಥ ಜಾಕ್ ಬೆನ್ವೆನಿಸ್ಟ್, ಅಲರ್ಜಿ ಸಂಶೋಧನೆಯಲ್ಲಿ ಅಷ್ಟರಲ್ಲೇ ಹೆಸರು ಮಾಡಿದ್ದವರು. ಪ್ಯಾರಿಸ್ ಪಕ್ಕದ ಕ್ಲಾಮಾರ್‌ನಲ್ಲಿ ಅವರ ಪ್ರಯೋಗಾಲಯವಿತ್ತು.

ರಕ್ತದಲ್ಲಿ ಬೇಸೋಫಿಲ್ ಎಂಬ ಬಿಳಿ ಕೋಶಗಳಿವೆ. ಟೊಲುಯಿಡಿನ್ ಬ್ಲೂ ಬಣ್ಣ ಹಾಕಿದರೆ ಅವುಗಳೊಳಗಿನ, ಹಿಸ್ಟಮಿನ್ ಎಂಬ ಅಲರ್ಜಿ ರಾಸಾಯನಿಕ ತುಂಬಿದ ಕಣಗಳು ಕೆಂಪಗೆ ಕಾಣುತ್ತವೆ. ಅಲರ್ಜಿ ಕೆರಳಿದರೆ ಕೋಶ ಆ ಕಣಗಳನ್ನು ಹೊರಚೆಲ್ಲುತ್ತದೆ, ಕೆಂಪು ಮಾಯವಾಗುತ್ತದೆ. ಈ ಕೋಶಗಳನ್ನು ಕೆರಳಿಸಬಲ್ಲ, ಐಜಿಇ ಎಂಬ ಅಲರ್ಜಿ ಪ್ರತಿಕಾಯದ ವಿರುದ್ಧದ ಸೀರಂ ಅನ್ನು 10ರ 120ನೇ ಘಾತದಷ್ಟು ತೆಳುಗೊಳಿಸಿ ಹಾಕಿದಾಗಲೂ ಕೆಂಪಗೆ ಕಾಣುವ ಬೇಸೋಫಿಲ್‌ಗಳು ಕಡಿಮೆಯಾದವು ಎಂದು ತಂಡ ವರದಿ ಮಾಡಿತು. ಅಲ್ಲಿ ಸೀರಂನ ಒಂದು ಅಣುವೂ ಉಳಿದಿರಲು ಸಾಧ್ಯವಿಲ್ಲ. ಆ ಪ್ರಬಂಧದಲ್ಲಿ ಇಸ್ರೇಲ್, ಇಟಲಿ, ಕೆನಡಾದ ಪ್ರಯೋಗಾಲಯಗಳೂ ಜೊತೆಯಾಗಿದ್ದವು.

ಮುಂದೆ ಬೆಲ್‌ಫಾಸ್ಟ್‌ನ ಸಂಶೋಧಕಿ ಮೆಡೆಲಿನ್ ಎನ್ನಿಸ್ ಇದನ್ನು ಸುಳ್ಳೆಂದು ತೋರಿಸುವ ನಿರೀಕ್ಷೆಯಿಂದಲೇ ಯುರೋಪಿನ ನಾಲ್ಕು ಪ್ರಯೋಗಾಲಯಗಳ ಅಧ್ಯಯನಕ್ಕೆ ಸೇರಿದರು. ಅತಿ ತೆಳು ಹಿಸ್ಟಮಿನ್ ದ್ರಾವಣ ಬೇಸೋಫಿಲ್‌ಗಳು ಕೆರಳುವುದನ್ನು ತಡೆಯಿತೆಂಬ ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ನಂಬದವರ ಕಣ್ಣಿಗೇ ಹೀಗೆ ಕಂಡಾಗ ಬಾಗಿಲು ಮುಚ್ಚುವುದು ವಿಜ್ಞಾನವಾಗುವುದಿಲ್ಲ. ಸರ್ಕಾರಿ ಕಾಲೇಜಿನಲ್ಲೇ ಹೋಮಿಯೋಪತಿ ಕಲಿಸುವ ನಮ್ಮಂಥ ದೇಶಕ್ಕಂತೂ ಈ ಪ್ರಶ್ನೆ ದೂರದ್ದಲ್ಲ. ಕೋಟ್ಯಂತರ ಜನ ನುಂಗುವ ವಸ್ತುವನ್ನು ಪರೀಕ್ಷಿಸದೆ ಬಿಡುವುದೇ ತಪ್ಪು.

ವಿರೋಧ

ಪರೀಕ್ಷೆ ಆಗಿದೆ. ಉತ್ತರವೂ ಬಂದಿದೆ. ಅದೇ 1988ರ ಜುಲೈನಲ್ಲಿ 'ನೇಚರ್' ಸಂಪಾದಕ ಜಾನ್ ಮ್ಯಾಡಾಕ್ಸ್, ಜಾದೂಗಾರ ಜೇಮ್ಸ್ ರ‍್ಯಾಂಡಿ, ಸಂಶೋಧಕ ವಾಲ್ಟರ್ ಸ್ಟೀವರ್ಟ್ ಮೂವರೂ ಕ್ಲಾಮಾರ್‌ಗೆ ಹೋದರು. ಯಾವ ನಳಿಕೆಯಲ್ಲಿ ಸೀರಂ ದ್ರಾವಣ, ಯಾವುದರಲ್ಲಿ ಬರೀ ನೀರು ಎಂಬ ಗುಟ್ಟನ್ನು ಬರೆದು, ಹಾಳೆಯನ್ನು ಫಾಯಿಲ್‌ನಲ್ಲಿ ಸುತ್ತಿ, ಲಕೋಟೆಗೆ ಹಾಕಿ ಪ್ರಯೋಗಾಲಯದ ಛಾವಣಿಗೆ ಅಂಟಿಸಿದರು. ಎಣಿಸುವವರಿಗೆ ಯಾವುದು ಯಾವುದೆಂದು ಗೊತ್ತಿಲ್ಲದಿದ್ದಾಗ ಪರಿಣಾಮವೂ ಕಾಣಲಿಲ್ಲ. ಇಬ್ಬರು ಸಹಲೇಖಕರಿಗೆ ಸಂಬಳ ಕೊಡುತ್ತಿದ್ದದ್ದು ಬೊಯ್ರಾನ್ ಎಂಬ ಹೋಮಿಯೋಪತಿ ಔಷಧ ಕಂಪನಿ ಎಂಬುದೂ ಹೊರಬಿತ್ತು.

ಇದರಲ್ಲಿ ಮೋಸವಿತ್ತೆಂದು ನಾನು ಹೇಳುವುದಿಲ್ಲ. ಸೂಕ್ಷ್ಮದರ್ಶಕದಡಿ ಮಸುಕು ಕೆಂಪು ಚುಕ್ಕಿಗಳನ್ನು ಕಣ್ಣಳತೆಯಲ್ಲಿ ಎಣಿಸುವಾಗ, ಬೇಕಾದ ಲೆಕ್ಕದ ಕಡೆಗೆ ಮನಸ್ಸು ಗೊತ್ತಾಗದಂತೆ ವಾಲುತ್ತದೆ. 1993ರಲ್ಲಿ ಲಂಡನ್ನಿನ ತಂಡವೊಂದು ಬೆನ್ವೆನಿಸ್ಟ್ ಪ್ರಯೋಗವನ್ನು ಮತ್ತೆ ಮಾಡಿ ಏನೂ ಕಾಣದೆ ಹಾಗೆಂದೇ ಬರೆಯಿತು. ಎನ್ನಿಸ್ ಮಾದರಿಯ ಹಿಸ್ಟಮಿನ್ ಪ್ರಯೋಗವೂ 2005ರಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ ಮತ್ತೆ ಮಾಡಿದಾಗ ಫಲ ಕೊಡಲಿಲ್ಲ. ಇನ್ನೆಷ್ಟು ಸಲ ಎಣಿಸಬೇಕು?

"ಇನ್ನೂ ಸಂಶೋಧನೆ ನಡೀತಿದೆ" ಎಂಬ ಮಾತೇ ಜನರ ಕಿವಿಗೆ "ಏನೋ ಇದೆ" ಎಂದು ಕೇಳಿಸುತ್ತದೆ. ನನಗೆ ಸಂಕಟವಾಗುವುದು ಅದಕ್ಕೇ. 2020ರಲ್ಲಿ ಕೊರೊನಾ ತಡೆಗೆಂದು ಆರ್ಸೆನಿಕಮ್ ಆಲ್ಬಮ್ 30 ಎಂಬ ಹೋಮಿಯೋಪತಿ ಔಷಧ ತೆಗೆದುಕೊಳ್ಳಬಹುದೆಂದು ಆಯುಷ್ ಸಚಿವಾಲಯ ಸಲಹೆ ಕೊಟ್ಟಿತು: ದಿನಕ್ಕೊಮ್ಮೆ, ಖಾಲಿ ಹೊಟ್ಟೆಗೆ, ಮೂರು ದಿನ. ಹೆಸರಿನಲ್ಲಿರುವ 30ರ ಪ್ರಕಾರ, ನೂರರಲ್ಲೊಂದು ಪಾಲಿನಂತೆ ಮೂವತ್ತು ಸಲ ತೆಳುಗೊಳಿಸಿದರೆ ಲೆಕ್ಕ 10ರ 60ನೇ ಘಾತಕ್ಕೆ ಮುಟ್ಟುತ್ತದೆ. ಹನ್ನೆರಡನೇ ಸಲದ ಹೊತ್ತಿಗೇ ಮೂಲವಸ್ತುವಿನ ಅಣು ಸಿಗುವುದು ಕಷ್ಟ.

ನಮ್ಮ ಬೀದಿಯಲ್ಲೂ ಹೆಬ್ಬೆರಳುದ್ದದ ಬಾಟಲಿಗಳನ್ನು ಹಂಚಿದ್ದರು, ಒಳಗೆ ಸಾಸಿವೆಗಿಂತ ತುಸು ದೊಡ್ಡ ಬಿಳಿ ಗುಳಿಗೆ. ಎದುರು ಮನೆಯ ಅಜ್ಜಿ ಮಾಸ್ಕ್ ಇಲ್ಲದೆ ಸಂತೆಗೆ ಹೊರಟಿದ್ದನ್ನು ನೋಡಿ ಕೂಗಿ ಕರೆದೆ. "ಮೂರು ದಿನ ತಿಂದಾಯ್ತಲ್ಲಪ್ಪ, ಇನ್ನೇನು ಭಯ" ಎಂದು ಕೈಚೀಲ ಹಿಡಿದು ನಡೆದೇಬಿಟ್ಟರು.