ಪೊಲೀಸ್ ಜೀಪು ಮಾರಾಟಕ್ಕಿದೆ, ನೂಕಲು ಜನ ನೀವೇ ಕರೆತನ್ನಿ

ಪೊಲೀಸ್ ಇಲಾಖೆಯ ನಿರುಪಯುಕ್ತ ವಾಹನಗಳ ಬಹಿರಂಗ ಹರಾಜಿನ ಪ್ರಕಟಣೆ ಮತ್ತೆ ಬಂದಿದೆ. ಪತ್ರಿಕೆಯ ಒಳಪುಟದಲ್ಲಿ, ಶ್ರದ್ಧಾಂಜಲಿ ಜಾಹೀರಾತುಗಳ ಪಕ್ಕದಲ್ಲೇ ಅಚ್ಚಾಗಿದೆ. ಪುಟ ಕಟ್ಟಿದವರ ಔಚಿತ್ಯಪ್ರಜ್ಞೆಗೆ ಕೈಮುಗಿಯಬೇಕು. ಸ್ಥಳ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿ.ಎ.ಆರ್.) ಮೈದಾನ, ಮುಂಗಡ ಠೇವಣಿ ಕಡ್ಡಾಯ, ವಾಹನಗಳನ್ನು ‘ಎಲ್ಲಿದೆಯೋ ಅಲ್ಲೇ, ಹೇಗಿದೆಯೋ ಹಾಗೇ’ ಮಾರಲಾಗುವುದು. ಯಾವುದೇ ಕಾರಣ ನೀಡದೆ ಹರಾಜು ರದ್ದುಪಡಿಸುವ ಹಕ್ಕನ್ನು ಇಲಾಖೆ ಕಾಯ್ದಿರಿಸಿಕೊಂಡಿದೆ. ಕಾರಣ ಕೊಟ್ಟು ರದ್ದುಪಡಿಸಿದ ಹರಾಜಿದ್ದರೆ ಯಾರಾದರೂ ತಿಳಿಸಿ, ಹೋಗಿ ನೋಡಿಕೊಂಡು ಬರೋಣ.

ಇದನ್ನು ಓದಿ ಆಸೆಪಡುವ ಒಬ್ಬರಾದರೂ ಪ್ರತಿ ಊರಿನಲ್ಲೂ ಇರುತ್ತಾರೆ. ನನಗೆ ಪರಿಚಯದ ಒಬ್ಬರಿದ್ದಾರೆ. ಅವರ ವಾದ ಹೀಗೆ: ‘ಸರ್ಕಾರಿ ಗಾಡಿ ಕಣ್ರೀ. ಟೈಮಿಗೆ ಸರಿಯಾಗಿ ಸರ್ವಿಸು, ಎಲ್ಲಾ ಒರಿಜಿನಲ್ ಪಾರ್ಟ್ಸು, ಒಂದೊಂದು ಕಿಲೋಮೀಟರಿಗೂ ಲಾಗ್ ಬುಕ್ಕಿನಲ್ಲಿ ಸಹಿ. ಸಿಂಗಲ್ ಓನರ್ ಬೇರೆ!’ ಸಿಂಗಲ್ ಓನರ್ ಅನ್ನುವುದು ಸತ್ಯವೇ. ಓನರ್ ಒಬ್ಬರು, ಓಡಿಸಿದವರು ಎಷ್ಟು ಜನ ಅನ್ನುವುದು ಆ ಚಾಮುಂಡಿಗೇ ಗೊತ್ತು. ಯಾರದ್ದೂ ಅಲ್ಲದ ಗಾಡಿಯ ಗೇರನ್ನು ಯಾರು ಮೆಲ್ಲಗೆ ಹಾಕುತ್ತಾರೆ?

ಹರಾಜಿಗೆ ನಿಂತ ಒಂದು ಬೊಲೆರೊವನ್ನು ಹತ್ತಿರದಿಂದ ನೋಡಬೇಕು. ಎಡಗಡೆಯ ಮುಂದಿನ ಸೀಟು ಬಾಗಿಲ ಕಡೆಗೆ ವಾಲಿರುತ್ತದೆ. ಕೂತವರ ತೂಕಕ್ಕೆ ಹುದ್ದೆಯ ತೂಕವೂ ಸೇರಿ ಸ್ಪ್ರಿಂಗ್ ಕೈಚೆಲ್ಲಿದೆ. ಮೇಲೆ ಲೈಟ್‌ಬಾರ್ ಕಿತ್ತ ಜಾಗದಲ್ಲಿ ತೂತುಗಳು; ಅವಕ್ಕೆ ಎಂ-ಸೀಲ್ ಮೆತ್ತಿದ್ದಾರೆ, ಮೊದಲ ಮಳೆಯವರೆಗೆ ಚಿಂತೆಯಿಲ್ಲ. ವೈರ್‌ಲೆಸ್ ಸೆಟ್ ಇದ್ದಲ್ಲಿ ಕತ್ತರಿಸಿದ ವೈರುಗಳು ಜೋತಾಡುತ್ತಿವೆ. ಡ್ಯಾಶ್‌ಬೋರ್ಡಿನ ಮೇಲೆ ಆಂಜನೇಯನ ಸ್ಟಿಕ್ಕರ್ ಇದೆ, ಗಾಡಿಯಲ್ಲಿ ಯಾರೂ ಬಿಚ್ಚಿಕೊಂಡು ಹೋಗದೆ ಉಳಿದಿರುವುದು ಅದೊಂದೇ. ಹಿಂದಿನ ಬೆಂಚಿನ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಬಂದಿದೆ. ಮುಂದೇನಾಗುತ್ತದೋ ಎಂದು ಗೊತ್ತಿಲ್ಲದೆ ಅಲ್ಲಿ ಕೂತವರು ಬೆರಳಲ್ಲಿ ಒಂದೊಂದೇ ಚೂರು ಕಿತ್ತಿದ್ದಾರೆ. ಬ್ಯಾಟರಿ ಇಲ್ಲ. ಸ್ಟೆಪ್ನಿ ಇಲ್ಲ. ಜಾಕ್ ಮಾತ್ರ ಇದೆ, ಪಟ್ಟಿಯಲ್ಲಿ.

‘ಎಷ್ಟು ಓಡಿದೆ ಸಾರ್?’ ಎಂದು ಕೇಳಿದರೆ ಮೇಲ್ವಿಚಾರಣೆಗೆ ನಿಂತವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ: ‘ಮೀಟರ್ ಕೇಬಲ್ ಕಟ್ಟಾದ ಮೇಲೆ ನಾಲ್ಕು ಇನ್‌ಸ್ಪೆಕ್ಟ್ರು ಟ್ರಾನ್ಸ್‌ಫರ್ ಆದ್ರು. ಲೆಕ್ಕ ನೀವೇ ಹಾಕ್ಕೊಳ್ಳಿ.’ ಈ ಲೆಕ್ಕ ಹಾಕುವುದು ಕಷ್ಟ. ನಮ್ಮಲ್ಲಿ ವರ್ಗಾವಣೆಯ ವೇಗ ನೋಡಿದರೆ ಅದು ಹತ್ತು ವರ್ಷವೂ ಆಗಬಹುದು, ಹತ್ತು ತಿಂಗಳೂ ಆಗಬಹುದು.

ಗಾಡಿಯೊಳಗೆ ಪಾಳಿಯಿಡೀ ಕೂರುವ ‘ಹೊಯ್ಸಳ’ ಗಸ್ತು ವಾಹನದ ಸಿಬ್ಬಂದಿಯ ಬಗ್ಗೆ ನನಗೆ ತಕರಾರಿಲ್ಲ. ಅವರಿಗೆ ಅದೇ ಕಚೇರಿ, ಅದೇ ಊಟದ ಮನೆ, ಬಂದೋಬಸ್ತಿನ ರಾತ್ರಿ ಅದೇ ಮಲಗುವ ಕೋಣೆ. ಅಂಥ ಗಾಡಿಯಿಂದ ಶೋರೂಮಿನ ವಾಸನೆ ನಿರೀಕ್ಷಿಸುವ ಗಿರಾಕಿಯದೇ ತಪ್ಪು.

ಅಮೆರಿಕದಲ್ಲಿ ಹಳೆಯ ಪೊಲೀಸ್ ಗಾಡಿ ಕೊಳ್ಳುವ ಈ ಹುಚ್ಚಿಗೆ ಒಂದು ಶಾಸ್ತ್ರವೇ ಇದೆ. ಫೋರ್ಡ್ ಕಂಪನಿಯ ಕ್ರೌನ್ ವಿಕ್ಟೋರಿಯಾ ಎಂಬ ದೊಡ್ಡ ಕಾರು ಅಲ್ಲಿನ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಓಡಿತು. 4.6 ಲೀಟರಿನ ವಿ8 ಎಂಜಿನ್, ಲಾರಿಗಿರುವಂಥ ಗಟ್ಟಿ ಚಾಸಿ, ಹಿಂದಿನ ಚಕ್ರಕ್ಕೆ ಶಕ್ತಿ. 2011ರಲ್ಲಿ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಲ್ಲಿ ಕೊನೆಯದು ತಯಾರಾಗಿ ಆ ವಂಶ ನಿಂತಿತು. ಇಲಾಖೆ ಬಿಟ್ಟ ಕಾರನ್ನು ಹರಾಜಿನಲ್ಲಿ ಕೊಳ್ಳಲು ಅಲ್ಲಿ ಜನ ಮುಗಿಬೀಳುತ್ತಿದ್ದರು, ಎಷ್ಟೋ ಕಾರುಗಳು ಟ್ಯಾಕ್ಸಿಗೆ ಹೋದವು. ಅಲ್ಲೂ ಅದೇ ಗೋಳು: ಸರ್ಚ್‌ಲೈಟ್ ಕೂರಿಸಿದ ತೂತು, ಒಳಗಿನಿಂದ ತೆರೆಯದ ಹಿಂಬಾಗಿಲು, ತೊಳೆಯಲು ಸುಲಭವಾಗಲೆಂದು ಹಾಕಿದ ಪ್ಲಾಸ್ಟಿಕ್ ಸೀಟು. ಆದರೆ ಅವರ ಒಂದು ಲೆಕ್ಕ ನನಗೆ ಬಹಳ ಇಷ್ಟ. ಗಾಡಿ ನಿಂತಲ್ಲೇ ಎಂಜಿನ್ ಒಂದು ಗಂಟೆ ಉರಿದರೆ 33 ಮೈಲಿ, ಅಂದರೆ ಸುಮಾರು 53 ಕಿಲೋಮೀಟರ್ ಓಡಿದಷ್ಟು ಸವೆತ ಎಂದು ಫೋರ್ಡ್ ಕಂಪನಿಯೇ ಹೇಳಿಬಿಟ್ಟಿದೆ. ಕೆಲವು ಕಾರುಗಳಲ್ಲಿ ಎಂಜಿನ್ ಎಷ್ಟು ಗಂಟೆ ಉರಿದಿದೆ ಎಂದು ತೋರಿಸುವ ಮೀಟರೂ ಇತ್ತು. ಇದೇ ಸೂತ್ರ ನಮ್ಮಲ್ಲಿ ಜಾರಿಗೆ ಬಂದರೆ, ಮಂತ್ರಿಗಳು ಬರುವ ದಾರಿಯಲ್ಲಿ ಬೆಳಗಿನಿಂದ ಏಸಿ ಹಾಕಿಕೊಂಡು ಕಾಯುವ ಎಸ್ಕಾರ್ಟ್ ಗಾಡಿಗಳು ನಿಂತಲ್ಲಿಂದ ಕದಲದೆಯೇ ಬೀದರ್‌ನಿಂದ ಚಾಮರಾಜನಗರಕ್ಕೆ ಹೋಗಿ ಬಂದಿರುತ್ತವೆ.

ನಮ್ಮ ಸರ್ಕಾರ ಬೇರೆ ದಾರಿ ಹಿಡಿದಿದೆ. ಕೊಳ್ಳುವವನಿಗೆ ಗೊಂದಲವೇ ಬೇಡವೆಂದು ಗಾಡಿಯನ್ನೇ ಇಲ್ಲವಾಗಿಸುವುದು. ಕೇಂದ್ರ 2023ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿ, ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ ಎಂದಿತು. ಅವು ನೇರವಾಗಿ ನೋಂದಾಯಿತ ಗುಜರಿ ಕೇಂದ್ರಕ್ಕೆ ಹೋಗಬೇಕು. ರಕ್ಷಣೆ ಮತ್ತು ಕಾನೂನು ಸುವ್ಯವಸ್ಥೆಯ ಕಾರ್ಯಾಚರಣೆಗೆ ಬೇಕಾದ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿ. ಸಾಹೇಬರ ಮನೆಗೆ ತರಕಾರಿ ತರುವ ಜೀಪು ಈ ವಿಶೇಷ ವರ್ಗದಲ್ಲಿ ಬರುತ್ತದೆಯೇ ಎಂಬುದು ಕಾನೂನು ಪಂಡಿತರು ಬಿಡಿಸಬೇಕಾದ ಪ್ರಶ್ನೆ. ಹೊಗೆ ಕಡಿಮೆಯಾಗಬೇಕು ಅನ್ನುವುದು ಸರಿಯೇ, ಅದರಲ್ಲಿ ನಗುವಂಥದ್ದೇನಿಲ್ಲ. ಆದರೆ ಗಿರಾಕಿಯ ಕಡೆಯಿಂದ ನೋಡಿ: ಹದಿನೈದು ತುಂಬುವ ಮೊದಲು, ಇನ್ನೂ ಉಸಿರಿರುವಾಗ ಮಾರಲು ಇಲಾಖೆಗೆ ಮನಸ್ಸಿಲ್ಲ, ಹದಿನೈದು ತುಂಬಿದ ಮೇಲೆ ಓಡಿಸುವವನಿಗೆ ಮಾರುವಂತಿಲ್ಲ. ನಡುವೆ ಹರಾಜಿಗೆ ಬರುವುದು ಅಕಾಲ ಮರಣದ ಕೇಸುಗಳು ಮಾತ್ರ.

ಹಾಗಾದರೆ ಊರಲ್ಲಿ ತೊಳೆದಿಟ್ಟಂಥ ಪೊಲೀಸ್ ಕಾರೇ ಇಲ್ಲವೇ? ಯಾಕಿಲ್ಲ, ಬೇಕಾದಷ್ಟಿವೆ. ಸಂಜೆ ಯಾವುದಾದರೂ ಮಾಲಿನ ಪಾರ್ಕಿಂಗಿಗೆ ಹೋಗಿ ನೋಡಿ. ಮುಂದಿನ ಗಾಜಿನ ಮೇಲೆ ‘ಪೊಲೀಸ್’ ಎಂದು ಕೆಂಪು ನೀಲಿ ಸ್ಟಿಕ್ಕರ್, ಡ್ಯಾಶ್‌ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟ ಟೋಪಿ, ಒಂದು ಗೀರೂ ಇಲ್ಲದ ಬಿಳಿ ಬಣ್ಣ, ಸೀಟಿನ ಪ್ಲಾಸ್ಟಿಕ್ ಕವರು ಕೂಡ ತೆಗೆದಿಲ್ಲ. ಇಳಿಯುವವರು ಸಬ್ ಇನ್‌ಸ್ಪೆಕ್ಟರ ಬಾಮೈದ, ಅಥವಾ ಬಾಮೈದನ ಸ್ನೇಹಿತ. ಟೋಲ್ ಗೇಟಿನಲ್ಲಿ ಗಾಜು ಇಳಿಸುವುದಿಲ್ಲ, ‘ಡಿಪಾರ್ಟ್‌ಮೆಂಟ್’ ಎಂದು ತುಟಿ ಅಲ್ಲಾಡಿಸಿದರೆ ಸಾಕು. ಒಂದು ದಿನವೂ ಕಳ್ಳನ ಹಿಂದೆ ಓಡದ, ಒಂದು ಶವವನ್ನೂ ಹೊರದ, ಗಲಾಟೆಯಲ್ಲಿ ಒಂದು ಕಲ್ಲನ್ನೂ ತಿನ್ನದ ಪೊಲೀಸ್ ಕಾರು ಬೇಕೆಂದರೆ ಇದೇ. ಇಲಾಖೆಯ ಸ್ವಂತ ಗಾಡಿ ನೂಕಿದರೂ ಸ್ಟಾರ್ಟ್ ಆಗುವುದಿಲ್ಲ, ಇಲಾಖೆಯ ಹೆಸರು ಮಾತ್ರ ಆರನೇ ಗೇರಿನಲ್ಲಿ ಓಡುತ್ತಿದೆ. ಮಾರ್ಕೆಟ್ಟಿನಲ್ಲಿ ಬೆಲೆಯಿರುವುದು ಜೀಪಿಗಲ್ಲ, ಸ್ಟಿಕ್ಕರಿಗೆ.

ನಗುವುದು ಇಲ್ಲಿಗೆ ಸಾಕು ಅನ್ನಿಸುವುದು ಠಾಣೆಯ ಹಿತ್ತಲಿಗೆ ಹೋದಾಗ.

ಅಲ್ಲಿರುವ ಗಾಡಿಗಳು ಇಲಾಖೆಯವಲ್ಲ, ನಮ್ಮವು. ಅಪಘಾತದ್ದು, ಕಳವಾಗಿ ಸಿಕ್ಕಿದ್ದು, ಮರಳು ಸಾಗಿಸಿದ್ದು, ದಾಖಲೆ ಇಲ್ಲವೆಂದು ಹಿಡಿದದ್ದು. ಒಂದರ ಮೇಲೊಂದು ಪೇರಿಸಿದ ಸ್ಕೂಟರುಗಳ ನಡುವೆ ಒಂದು ಟಿವಿಎಸ್ ಎಕ್ಸೆಲ್. ಅದರ ಹಿಂದಿನ ಕ್ಯಾರಿಯರಿಗೆ ತರಕಾರಿ ಕ್ರೇಟು ಕಟ್ಟಲು ಬಳಸಿದ ಸೈಕಲ್ ಟ್ಯೂಬು ಇನ್ನೂ ಹಾಗೇ ಸುತ್ತಿಕೊಂಡಿದೆ, ಬಿಸಿಲಿಗೆ ಸೀಳು ಸೀಳಾಗಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ಕ್ರೈಂ ನಂಬರಿನ ಮೊದಲೆರಡು ಅಂಕಿ ಅಳಿಸಿಹೋಗಿವೆ. ಈಗ ಅದು ಯಾವ ಕೇಸಿಗೂ ಸೇರಿದ್ದಲ್ಲ, ಯಾವ ಮಾಲೀಕನಿಗೂ ಸೇರಿದ್ದಲ್ಲ. ಅವನು ಮೊದಮೊದಲು ಬಂದು ಕೇಳಿರಬೇಕು. ‘ಕೋರ್ಟಿಂದ ಆರ್ಡರ್ ತಗೊಂಡ್ ಬಾರಯ್ಯ’ ಅಂದಿರಬೇಕು. ವಕೀಲರ ಫೀಜು ಎಕ್ಸೆಲ್ಲಿನ ಬೆಲೆಯ ಹತ್ತಿರ ಬಂದಾಗ ಅವನೂ ಬರುವುದು ಬಿಟ್ಟಿರಬೇಕು. ತಳ್ಳುಗಾಡಿಗೆ ಇಳಿದಿರಬೇಕು.

ಅಲ್ಲೇ ಬಿದ್ದಿರುವ ಟಯರುಗಳಲ್ಲಿ ನೀರು ನಿಂತು ಸೊಳ್ಳೆ ಮರಿ ಕುಣಿಯುತ್ತಿವೆ. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಪಟ್ಟಣದ ಮನೆಗೆ 400 ರೂಪಾಯಿ ದಂಡ ಎಂದವರು ನಮ್ಮ ರಾಜ್ಯದವರೇ. ಹೂವಿನ ಕುಂಡದ ತಟ್ಟೆಯನ್ನು ಟಾರ್ಚ್ ಬಿಟ್ಟು ನೋಡುವವರು ಠಾಣೆಯ ಕಾಂಪೌಂಡಿನ ಮುಂದೆ ಮಾತ್ರ ಸರಸರ ನಡೆದುಬಿಡುತ್ತಾರೆ.

ಇದಕ್ಕೆ ಕಾನೂನಿಲ್ಲವೆಂದು ಯಾರೂ ಹೇಳುವಂತಿಲ್ಲ. ಜಪ್ತಿಯಾದ ಗಾಡಿಗಳನ್ನು ಠಾಣೆಗಳಲ್ಲಿ ಕೊಳೆಯಿಸಬೇಡಿ, ಫೋಟೊ ತೆಗೆದು ಬಾಂಡ್ ಬರೆಸಿಕೊಂಡು ಬಿಟ್ಟುಕೊಡಿ ಎಂದು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ. ಆಗ ಹುಟ್ಟಿದ ಮಗುವಿಗೆ ಈಗ ಡ್ರೈವಿಂಗ್ ಲೈಸೆನ್ಸ್ ಬಂದು ವರ್ಷಗಳಾಗಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ 497ನೇ ಕಲಮಿನಲ್ಲಿ ದಿನಗಳ ಲೆಕ್ಕವನ್ನೇ ಬರೆದಿದ್ದಾರೆ: ನ್ಯಾಯಾಲಯದ ಮುಂದೆ ಹಾಜರುಪಡಿಸಿದ ವಸ್ತುವಿನ ವಿವರ ಪಟ್ಟಿ 14 ದಿನದಲ್ಲಿ ಆಗಬೇಕು, ಫೋಟೊ ಅಥವಾ ವಿಡಿಯೊ ತೆಗೆಯಬೇಕು, ಆಮೇಲಿನ 30 ದಿನದೊಳಗೆ ಅದರ ವಿಲೇವಾರಿಗೆ ಆದೇಶವಾಗಬೇಕು. ಫೋಟೊ ತೆಗೆಯಲು ಏನು ಕಷ್ಟ? ಹೆಲ್ಮೆಟ್ ಇಲ್ಲದವನ ಫೋಟೊ ಸರ್ಕಲ್ಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯುತ್ತೀರಿ. ಬಡವನ ಹೊಟ್ಟೆಪಾಡಿನ ಗಾಡಿಯ ಒಂದು ಫೋಟೊ ತೆಗೆದು ಅವನಿಗೆ ವಾಪಸ್ ಕೊಡಲು ಇಷ್ಟು ವರ್ಷ ಬೇಕೇ? ಅದು ಅಲ್ಲಿ ತುಕ್ಕು ಹಿಡಿಯುವುದರಿಂದ ಯಾವ ಕಳ್ಳನಿಗೆ ಶಿಕ್ಷೆಯಾಯಿತು, ಯಾವ ಸಾಕ್ಷಿ ಗಟ್ಟಿಯಾಯಿತು?

ಆ 497ನೇ ಕಲಮಿನ ಒಂದು ಪ್ರತಿಯನ್ನು ದೊಡ್ಡಕ್ಷರದಲ್ಲಿ ಅಚ್ಚುಹಾಕಿಸಿ ಠಾಣೆಯ ಹಿಂಗೋಡೆಗೆ ಅಂಟಿಸೋಣವೆಂದರೆ, ಗೋಡೆ ಕಾಣಬೇಕಾದರೆ ಮೊದಲು ಗಾಡಿಗಳನ್ನು ತೆಗೆಸಬೇಕು.