ಪದವಿ ವಿದ್ಯಾರ್ಥಿಗಳಿಗೆ ಬಯಲು ಶಿಬಿರ ಕಡ್ಡಾಯವಾಗಬೇಕೆ?

ಪರ: ಒಲೆ ಆರಿದ ರಾತ್ರಿ

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿಯಾಗಿ ಕೆಲವು ವರ್ಷ ಶಿಬಿರ ನಡೆಸಿದವನು ನಾನು. ಏಳು ದಿನ, ಐವತ್ತು ಮಕ್ಕಳು, ಉಳಿಯಲು ಒಂದು ಹಳ್ಳಿಯ ಸರ್ಕಾರಿ ಶಾಲೆ. ಒಂದು ಶಿಬಿರದ ಮೂರನೇ ರಾತ್ರಿ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಅಂಗಳದಲ್ಲಿ ಹೂಡಿದ್ದ ಒಲೆ ಆರಿತು, ಅನ್ನ ಅರ್ಧ ಬೆಂದಿತ್ತು. ಅವತ್ತಿನ ಅಡುಗೆ ಸರದಿಯ ನಾಯಕ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತರುವ ಹುಡುಗ. ತಪ್ಪು ಯಾರದು ಎಂದು ಕೂಗಾಡುತ್ತ ನಿಂತುಬಿಟ್ಟ. ಹಾಜರಿ ಕೂಗಿದಾಗ ದನಿಯೇ ಕೇಳಿಸದ ಒಬ್ಬ ಹುಡುಗಿ ಮುಂದೆ ಬಂದಳು. "ನೀವಿಬ್ಬರು ಆ ಕಡೆ ಹಿಡೀರಿ, ಪಾತ್ರೆ ಜಗಲಿಗೆ ತರೋಣ. ನೀನು ಪಕ್ಕದ ಮನೆ ಅಜ್ಜೀನ ಕೇಳಿ ಒಣ ಸೌದೆ ತಗೊಂಡ್ ಬಾ." ಅಷ್ಟೇ ಮಾತು. ಒಂದು ಗಂಟೆಯೊಳಗೆ ಎಲ್ಲರೂ ಊಟಕ್ಕೆ ಕೂತರು.

ನಿಜವಾದ ಪಾಠ ನಡೆದದ್ದು ಮರುದಿನ ಸಂಜೆ. ಎಲ್ಲರೂ ಸುತ್ತ ಕೂತು ಹಿಂದಿನ ದಿನದ ಕೆಲಸವನ್ನು ಮಾತಾಡುವ ಹೊತ್ತು. ಯಾರೂ ಬೆರಳು ತೋರಿಸುವ ಮೊದಲೇ ಆ ಹುಡುಗ, "ನಾನು ಕೂಗಾಡಿದೆ, ಕೆಲಸ ಹಂಚಲಿಲ್ಲ" ಎಂದ. ಈ ಕೂತು ಮಾತಾಡುವ ಹೊತ್ತು ಇಲ್ಲದಿದ್ದರೆ ಶಿಬಿರ ಬರೀ ಪಿಕ್‌ನಿಕ್, ಅದನ್ನು ಒಪ್ಪುತ್ತೇನೆ.

ಹೊರಗೆ ಕರೆದೊಯ್ದು ನಾಯಕತ್ವ ಕಲಿಸುವ ಈ ಬಗೆಯ ತರಬೇತಿ ಮೋಜಿಗಾಗಿ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಹಡಗುಗಳು ಮುಳುಗಿದಾಗ ಬದುಕುಳಿಯುವುದರಲ್ಲಿ ಎಳೆಯ ನಾವಿಕರು ಹಳಬರಿಗಿಂತ ಹಿಂದೆ ಬೀಳುತ್ತಿದ್ದಾರೆ ಎಂಬ ಆತಂಕ ಹಡಗು ಕಂಪನಿಯವರನ್ನು ಕಾಡಿತು. ಮೈಯಲ್ಲಿ ಕಸುವಿದ್ದರೆ ಸಾಲದು, ಕಷ್ಟದಲ್ಲಿ ತಮ್ಮ ಮೇಲೂ ಜೊತೆಗಾರರ ಮೇಲೂ ನಂಬಿಕೆ ಇಟ್ಟುಕೊಳ್ಳುವ ಅಭ್ಯಾಸ ಬೇಕು ಎಂದುಕೊಂಡು 1941ರಲ್ಲಿ ಶಿಕ್ಷಣತಜ್ಞ ಕರ್ಟ್ ಹಾನ್ ಮತ್ತು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ವೇಲ್ಸ್‌ನ ಅಬರ್‌ಡವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದರು. ಅದಕ್ಕೂ ಮೊದಲು, 1907ರಲ್ಲಿ, ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಶ್ರೀಮಂತರ ಶಾಲೆಯ ಹುಡುಗರನ್ನೂ ದುಡಿಯುವ ಮನೆಗಳ ಹುಡುಗರನ್ನೂ ಬೆರೆಸಿ ನಾಲ್ಕು ಚಿಕ್ಕ ತಂಡ ಮಾಡಿದ್ದರು. ಬೆರೆಸಿದ್ದೇ ಅದರ ಜೀವ. ಗಾಂಧಿ ಜನ್ಮಶತಾಬ್ದಿಯ 1969ರಲ್ಲಿ ಶುರುವಾದ ನಮ್ಮ ಎನ್‌ಎಸ್‌ಎಸ್‌ ಶಿಬಿರದಲ್ಲೂ ನಾನು ಕಂಡದ್ದು ಅದನ್ನೇ. ಹಾಸ್ಟೆಲಿನಲ್ಲಿ ಜಾತಿ ನೋಡಿ ರೂಮು ಹಿಡಿಯುವ ಹುಡುಗರು ಇಲ್ಲಿ ಒಂದೇ ಪಂಕ್ತಿಯಲ್ಲಿ ಬಡಿಸುತ್ತಾರೆ, ಒಂದೇ ಜಮಖಾನದ ಮೇಲೆ ಮಲಗುತ್ತಾರೆ.

ಕಡ್ಡಾಯ ಏಕೆ? ಹೆಸರು ಕೊಡಿ ಎಂದರೆ ಆ ಮೆತ್ತನೆ ದನಿಯ ಹುಡುಗಿ ಎಂದೂ ಕೊಡುತ್ತಿರಲಿಲ್ಲ. ನಾನೇ ಒತ್ತಾಯ ಮಾಡಿ ಬರೆಸಿದ್ದೆ.

ವಿರೋಧ: ಬರಲಾಗದವರ ಪಟ್ಟಿ

ಶಿಬಿರದ ಬಗ್ಗೆ ನನಗೆ ದ್ವೇಷವಿಲ್ಲ. ನನ್ನ ತಕರಾರು ಕಡ್ಡಾಯ ಎಂಬ ಒಂದು ಮಾತಿನ ಮೇಲೆ.

ನಾನು ಪಾಠ ಮಾಡುವ ಪದವಿ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಬೆಳಗಿನ ಜಾವ ನಾಲ್ಕಕ್ಕೆ ಊರಿನ ಸೇವಂತಿಗೆ, ಕನಕಾಂಬರವನ್ನು ಟೆಂಪೋದಲ್ಲಿ ಮಾರುಕಟ್ಟೆಗೆ ತರುತ್ತಾನೆ. ಹತ್ತಾರು ರೈತರ ಹೂವು, ಪ್ರತಿಯೊಬ್ಬರ ಚೀಲಕ್ಕೂ ಬೇರೆ ಗುರುತಿನ ದಾರ. ತೂಕ, ಲೆಕ್ಕ, ದಲ್ಲಾಳಿಯ ಜೊತೆ ಚೌಕಾಸಿ ಎಲ್ಲ ಮುಗಿಸಿ ಒಂಬತ್ತೂವರೆಗೆ ತರಗತಿಯಲ್ಲಿರುತ್ತಾನೆ. ಶಿಬಿರಕ್ಕೆ ಹೆಸರು ಕೊಡಲಿಲ್ಲವೆಂದು ಅವನನ್ನು ನಾನು ಕರೆದು ಕೇಳಿದ್ದೆ. "ಮೇಡಂ, ಏಳು ದಿನ ಹೂವು ಯಾರು ತರ್ತಾರೆ?" ಎಂದ. ಅವನಿಗೆ ಹೊಣೆ ಹೊರುವುದನ್ನು ಕಲಿಸಲು ನಮ್ಮ ಹತ್ತಿರ ಯಾವ ಪಾಠ ಇದೆ, ನನಗೆ ತಿಳಿಯಲಿಲ್ಲ. ಕಡ್ಡಾಯ ಮಾಡಿದರೆ ಅವನ ಅಂಕಕ್ಕೆ ಕತ್ತರಿ ಬೀಳುತ್ತದೆ.

ಹೆಣ್ಣುಮಕ್ಕಳದ್ದು ಬೇರೆಯೇ ಕಥೆ. ರಾತ್ರಿ ಉಳಿಯಲು ಮನೆಯವರು ಒಪ್ಪುವುದಿಲ್ಲ. ಒಪ್ಪಿದರೂ ಶಾಲೆಯ ಶೌಚಾಲಯಕ್ಕೆ ನೀರಿರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಬೆಳಕು ಹರಿಯುವ ಮುಂಚೆ ಎದ್ದು ಬಯಲಿಗೆ ಹೋಗಿಬಂದು, ನೀರೇ ಕುಡಿಯದೆ ದಿನ ಕಳೆದ ವಿದ್ಯಾರ್ಥಿನಿ ಶಿಬಿರ ಮುಗಿದ ಮೇಲೆ ನನ್ನ ಮುಂದೆ ಅತ್ತಿದ್ದಾಳೆ. ಅಡುಗೆ ಮನೆ ಹುಡುಗಿಯರ ಪಾಲಿಗೆ, ಮೈಕು ಹುಡುಗರ ಪಾಲಿಗೆ ಬೀಳುವುದನ್ನೂ ಎಷ್ಟೋ ಸಲ ನೋಡಿದ್ದೇನೆ.

ಔಟ್‌ವರ್ಡ್ ಬೌಂಡ್ ಮಾತು ಬಂತು. ಅಲ್ಲಿನ ಮೊದಲ ಕೋರ್ಸುಗಳು ಹೆಚ್ಚುಕಡಿಮೆ ನಾಲ್ಕು ವಾರದವು. ಈಗ ಲೀಡರ್‌ಶಿಪ್ ಎಂಬ ಹೆಸರಿನಲ್ಲಿ ಕಾಲೇಜುಗಳಿಗೆ ಮಾರುವುದು ಒಂದು ದಿನದ ಪ್ಯಾಕೇಜು: ಬೆಳಿಗ್ಗೆ ಬಸ್ಸು, ಜಿಪ್‌ಲೈನು, ಹಗ್ಗದ ಸೇತುವೆ, ಬಫೆ ಊಟ, ಸಂಜೆ ಸರ್ಟಿಫಿಕೇಟು. ಕೂತು ಮಾತಾಡುವ ಹೊತ್ತು ಅದರಲ್ಲಿ ಎಲ್ಲಿದೆ? ಸರ್ಕಾರ ಕಡ್ಡಾಯ ಎಂದ ಮರುದಿನವೇ ಬಹಳಷ್ಟು ಕಾಲೇಜುಗಳು ಹಿಡಿಯುವುದು ಈ ದಾರಿಯನ್ನೇ ಎಂಬ ಭಯ ನನಗಿದೆ.

ಸುರಕ್ಷತೆಯ ಮಾತನ್ನೂ ಆಡಲೇಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಅದು ತರಬೇತಿಯಲ್ಲ, ಪ್ರವಾಸ, ಗೊತ್ತಿದೆ. ಆದರೆ ಮಕ್ಕಳನ್ನು ಹೊರಗೆ ಕರೆದೊಯ್ಯುವವರು ಅದೇ ಮೇಷ್ಟ್ರುಗಳು. ಈಜು ಬರದ, ಪ್ರಥಮ ಚಿಕಿತ್ಸೆ ಕಲಿಯದ ನಮ್ಮಂಥವರ ಕೈಗೆ ಐವತ್ತು ಜೀವ ಕೊಡುವ ಆದೇಶಕ್ಕೆ ನಾನು ಸಹಿ ಹಾಕಲಾರೆ.

ನಾಯಕತ್ವ ಬೆಳೆಸಲು ಬೆಟ್ಟವೇ ಬೇಕೆಂದಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಗೆ ಬಸ್ಸಿಲ್ಲ, ನಲ್ಲಿಯಲ್ಲಿ ನೀರಿಲ್ಲ ಎಂದು ಪುಟ್ಟ ಮಕ್ಕಳು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರಿಗೇ ಕೇಳುತ್ತಾರೆ. ಆ ಸಭೆಗಳನ್ನು ನಡೆಸಿಕೊಡುವ ಹೊಣೆಯನ್ನು ಪದವಿ ವಿದ್ಯಾರ್ಥಿಗಳಿಗೆ ಕೊಡಬಹುದು, ಮನೆಯಿಂದಲೇ ಹೋಗಿಬರಬಹುದು. ಇಷ್ಟಪಟ್ಟು ಹೋಗುವವರಿಗೆ ಶಿಬಿರವೂ ಇರಲಿ. ಹೊರಡುವ ಮುಂಚೆ ಒಬ್ಬ ಶಿಕ್ಷಕಿ ಹೋಗಿ, ಅಲ್ಲಿನ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡಿ ಬರಲಿ.