ಐದು ಮನೆಯ ಅತ್ತೆ, ಮೂರು ಮನೆಯ ಪುಲ್ಲಿ

ನನ್ನ ಸೋದರಮಾವ 1984ರಲ್ಲಿ ಅಮೆರಿಕದ ಕೆಲಸ ಬಿಟ್ಟು ಮೈಸೂರಿಗೆ ಮರಳಿದಾಗ ತಂದ ಸಾಮಾನುಗಳಲ್ಲಿ ಬಳಸಿ ಸವೆದವು, ಹಂಚಿ ಖರ್ಚಾದವು, ‘ನಾಳೆ ತಂದುಕೊಡುತ್ತೇನೆ’ ಎಂದವರ ಮನೆ ಸೇರಿದವು ಎಲ್ಲ ಕಳೆದು, ಲಕ್ಷ್ಮೀಪುರಂ ಮನೆಯ ಅಟ್ಟದಲ್ಲಿ ಕೊನೆಗೆ ಉಳಿದದ್ದು ಯಾರಿಂದಲೂ ಸುಲಭವಾಗಿ ಎತ್ತಲಾಗದ ಒಂದೇ ವಸ್ತು. ಅದು ಟಿಯಾಕ್ ಎ-3340ಎಸ್ ಎಂಬ ನಾಲ್ಕು ಟ್ರ್ಯಾಕುಗಳ ಜಪಾನಿ ಟೇಪ್ ರೆಕಾರ್ಡರ್. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅತ್ತೆ ಅದನ್ನು ಹಳೆ ಕಬ್ಬಿಣದವನಿಗೆ ಹಾಕಿಬಿಡಲು ಹೇಳಿದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಲೆಕ್ಕದ ತಪ್ಪು ಹುಡುಕಿ ನಿವೃತ್ತನಾದ ನನಗೆ ಒಂದು ಯಂತ್ರದ ತಪ್ಪು ಹುಡುಕುವುದು ಯಾವ ಮಹಾ ಕೆಲಸವೆಂದು ತೋರಿ, ಅದನ್ನು ಆಟೋದಲ್ಲಿ ಸರಸ್ವತಿಪುರಂಗೆ ಸಾಗಿಸಿದೆ. ಹತ್ತೂವರೆ ಅಂಗುಲದ ಎರಡು ರೀಲುಗಳನ್ನು ಕಂಡ ಆಟೋದವನು, “ಎರಡು ಕಲ್ಲಿನ ಗ್ರೈಂಡರಾ ಸಾರ್?” ಎಂದು ಗೌರವದಿಂದ ಕೇಳಿದ.

ಅದರ ಮಹಿಮೆಯನ್ನು ಅವನಿಗೆ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಕಾಲು ಅಂಗುಲ ಅಗಲದ ಟೇಪಿನ ಮೇಲೆ ನಾಲ್ಕು ಸಾಲುಗಳಲ್ಲಿ ಬೇರೆಬೇರೆ ಹೊತ್ತಿನಲ್ಲಿ ಧ್ವನಿ ಮುದ್ರಿಸಿ, ನಾಲ್ಕನ್ನೂ ಒಟ್ಟಿಗೆ ನುಡಿಸಬಹುದು. ಅಮೆರಿಕದ ಒಂಟಿತನದಲ್ಲಿ ಅತ್ತೆ ಮೊದಲ ಸಾಲಿನಲ್ಲಿ ತಂಬೂರಿ ಮೀಟಿ, ಎರಡನೆಯದರಲ್ಲಿ ಮೋಹನ ರಾಗದ ಒಂದು ವರ್ಣ ಹಾಡಿ, ಮೂರನೆಯದರಲ್ಲಿ ವೀಣೆ ನುಡಿಸಿ ತಾವೊಬ್ಬರೇ ಕಚೇರಿ ಕಟ್ಟಿದ್ದರು. ನಾಲ್ಕನೆಯ ಸಾಲು ಮಾವನ ಮೃದಂಗದ್ದು. ಹೀಗೆ ಒಂದರ ಮೇಲೊಂದು ಮುದ್ರಿಸುವಾಗ ಹಳೆಯ ಸಾಲುಗಳನ್ನು ಧ್ವನಿ ಓದುವ ಪ್ಲೇಬ್ಯಾಕ್ ಹೆಡ್ಡಿನಿಂದ ಕೇಳದೆ ಧ್ವನಿ ಬರೆಯುವ ರೆಕಾರ್ಡ್ ಹೆಡ್ಡಿನಿಂದಲೇ ಕೇಳುವಂತೆ ಸಿಂಕ್ ಗುಂಡಿಯನ್ನು ಒತ್ತಿರಬೇಕು. ಇಲ್ಲವಾದರೆ ಎರಡು ಹೆಡ್ಡುಗಳ ನಡುವಿನ ಅಂತರದಷ್ಟು ಹೊಸ ಧ್ವನಿ ಹಿಂದೆ ಬೀಳುತ್ತದೆ. ಅಂತರ ಒಂದೂವರೆ ಅಂಗುಲವಾದರೆ, ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ. ಮಾವನ ಮೃದಂಗ ಮುದ್ರಿಕೆಯುದ್ದಕ್ಕೂ ಸರಿಯಾಗಿ ಅಷ್ಟೇ ಹಿಂದಿದೆ. ಗುಂಡಿ ಒತ್ತಲು ಮರೆತೆನೆಂದು ಮಾವ ಕೊನೆಯವರೆಗೂ ಹೇಳಿದರು. ಮಾವ ತೀರಿಕೊಂಡು ಹನ್ನೆರಡು ವರ್ಷವಾದರೂ ಅತ್ತೆ ಅದನ್ನು ಒಪ್ಪಿಲ್ಲ. ಆ ಗುಂಡಿಯಿಲ್ಲದ ಸಾಕ್ಷಾತ್ ಕಚೇರಿಯಲ್ಲೂ ಅವರ ತಾಳ ಹಾಗೆಯೇ ಇತ್ತಂತೆ.

ಶುಚಿ ಮಾಡುವ ಹಂತದಲ್ಲಿ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಟೇಪನ್ನು ಎಳೆಯುವ ಕ್ಯಾಪ್‌ಸ್ಟನ್ ದಂಡದ ಬೇರಿಂಗಿಗೆ ಒಂದೆರಡು ಹನಿ ಎಣ್ಣೆ ಸಾಕಾಗಿತ್ತು. ಎಣ್ಣೆಶಾಸ್ತ್ರದಲ್ಲಿ ಮದುಮಗನಿಗೆ ಸುರಿದಂತೆ ಸುರಿದೆ. ಅದು ಟೇಪನ್ನು ಆ ದಂಡಕ್ಕೆ ಒತ್ತಿಹಿಡಿಯುವ ರಬ್ಬರಿನ ಪಿಂಚ್ ರೋಲರಿಗೆ ಇಳಿದು ಟೇಪು ಜಾರಿತು. ಜಾರಿದ ಟೇಪನ್ನು ಸುತ್ತಿಕೊಳ್ಳಬೇಕಾದ ರೀಲಿನ ತಿರುಪನ್ನು ನಾನು ಬಿಗಿ ಮಾಡಿರಲಿಲ್ಲ. ಒಂದು ರೀಲಿನಲ್ಲಿ 2,500 ಅಡಿ ಟೇಪು ಇರುತ್ತದೆ, ದೇವರಾಜ ಮಾರುಕಟ್ಟೆಯ ಹೂವಾಡಗಿತ್ತಿಯ ಲೆಕ್ಕದಲ್ಲಿ ಸುಮಾರು 1,700 ಮೊಳ. ಅದರಲ್ಲಿ ಎಷ್ಟು ಮೊಳ ನಡುಮನೆಯ ನೆಲದ ಮೇಲೆ ರಾಶಿ ಬಿತ್ತೆಂದು ನಾನು ಅಳೆಯಲಿಲ್ಲ. ಪುಣ್ಯಕ್ಕೆ ಅದು ಖಾಲಿ ಟೇಪಾಗಿತ್ತು.

ಅತ್ತೆಯ ಟೇಪನ್ನು ಹಾಕಿದಾಗ ಅದು ಅರ್ಧ ನಿಮಿಷ ಕಿರ್ರೆಂದು ಕಿರುಚಿ, ಹೆಡ್ಡುಗಳ ಮೇಲೆ ಕಂದು ಅಂಟು ಬಿಟ್ಟು ನಿಂತೇಹೋಯಿತು. ಆ ಕಾಲದ ಕೆಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಸಡಿಲವಾಗುತ್ತದೆ, ಮಳೆಗಾಲದಲ್ಲಿ ಡಬ್ಬಿ ಮುಚ್ಚದೆ ಬಿಟ್ಟ ಬೆಲ್ಲದ ಹಾಗೆ. ಇದಕ್ಕಿರುವ ಚಿಕಿತ್ಸೆಯೆಂದರೆ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಹದವಾದ ಬಿಸಿಯಲ್ಲಿ ಎಂಟು ಗಂಟೆ ಒಣಗಿಸುವುದು. ಒಣಗಿದ ಟೇಪು ಕೆಲವು ವಾರ ನುಡಿಯುತ್ತದೆ, ಆಮೇಲೆ ಮತ್ತೆ ಅಂಟಾಗುತ್ತದೆ. ಇಂಥ ಹದವಾದ ಬಿಸಿ ಕೊಡುವ ಸಾಧನ ನಮ್ಮ ಮನೆಯಲ್ಲಿತ್ತು. ಹಿಂದಿನ ಮಳೆಗಾಲದಲ್ಲಿ ಸಂಡಿಗೆಯೂ ಬಾಳಕದ ಮೆಣಸಿನಕಾಯಿಯೂ ಬೂಷ್ಟು ಹಿಡಿದಾಗ ನನ್ನ ಹೆಂಡತಿ ವಿದ್ಯುತ್ತಿನ ಒಣಗಿಸುವ ಡಬ್ಬಿಯೊಂದನ್ನು ಕೊಂಡಿದ್ದಳು. ಹತ್ತೂವರೆ ಅಂಗುಲದ ಲೋಹದ ರೀಲು ಅದರ ತಟ್ಟೆಗಳ ನಡುವೆ ಹಿಡಿಸದಿದ್ದುದರಿಂದ, ಅವಳು ತರಕಾರಿಗೆ ಹೋದ ಹೊತ್ತು ನೋಡಿ ಎರಡು ತಟ್ಟೆಗಳ ನಡುಭಾಗವನ್ನು ಕತ್ತರಿಸಿದೆ.

ಅವಳು ಮರಳಿದ ಮೇಲೆ ನಾನು ಇತಿಹಾಸದ ಮೊರೆಹೋದೆ. ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮ್ಯಾಗ್ನೆಟೊಫೋನ್ ಎಂಬ ಟೇಪ್ ರೆಕಾರ್ಡರ್ ಮೊದಲು ಕಾಣಿಸಿಕೊಂಡದ್ದು 1935ರ ಆಗಸ್ಟಿನಲ್ಲಿ. ಮರುತಿಂಗಳೇ, ಇದೇ ಮೈಸೂರಿನಲ್ಲಿ, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು, ಇಂಥ ಊರಿನಲ್ಲಿ ಧ್ವನಿಗಾಗಿ ಮನೆಮಂದಿ ಒಂದಿಷ್ಟು ತ್ಯಾಗ ಮಾಡಬೇಕಾಗುತ್ತದೆ ಎಂದೆ. “ಗೋಪಾಲಸ್ವಾಮಿಯವರು ಯಾರ ಸಂಡಿಗೆ ತಟ್ಟೆಯನ್ನೂ ಕತ್ತರಿಸಿದ ಹಾಗೆ ಕೇಳಿಲ್ಲ” ಎಂದು ಅವಳು ಒಳಗೆ ಹೋದಳು. ಎಂಟು ಗಂಟೆಯ ನಂತರ ಟೇಪು ಗರಿಗರಿಯಾಗಿ ಹೊರಬಂತು. ಬಾಳಕದ ಮಜ್ಜಿಗೆ ಮತ್ತು ಇಂಗಿನ ವಾಸನೆ ಅದಕ್ಕೆ ಹತ್ತಿದ್ದು ಇಂದಿಗೂ ಬಿಟ್ಟಿಲ್ಲ.

ಟೇಪು ಹಾಕುವ ಮುನ್ನ ಹೆಡ್ಡುಗಳಲ್ಲಿ ಉಳಿದಿರಬಹುದಾದ ಕಾಂತತೆಯನ್ನು ಕಳೆಯಬೇಕು. ಡೀಮ್ಯಾಗ್ನೆಟೈಸರ್ ಎಂಬ ದಂಡವನ್ನು ಮೂರಡಿ ದೂರದಲ್ಲಿ ಚಾಲೂ ಮಾಡಿ, ಮೆಲ್ಲಗೆ ಹತ್ತಿರ ತಂದು, ಆರತಿಯೆತ್ತಿದಂತೆ ಆಡಿಸಿ, ಮೆಲ್ಲಗೆ ದೂರ ಒಯ್ದ ಮೇಲೆಯೇ ಆರಿಸಬೇಕು. ಹತ್ತಿರದಲ್ಲಿ ಥಟ್ಟನೆ ಆರಿಸಿದರೆ ಕಳೆಯಬೇಕಾದ ಕಾಂತತೆ ಸೇರಿಕೊಂಡು ಕೂರುತ್ತದೆ. ನಾನು ಇದನ್ನೆಲ್ಲ ಶಾಸ್ತ್ರೋಕ್ತವಾಗಿಯೇ ಮಾಡುತ್ತಿದ್ದೆ. ಎಡಗೈಯಿಂದ ಟೇಪಿನ ತೋಳನ್ನು ಪಕ್ಕಕ್ಕೆ ಹಿಡಿದು ಬಲಗೈಯಿಂದ ಆರತಿಯೆತ್ತುತ್ತಿದ್ದಾಗ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಹೆಡ್ಡುಗಳಿಗೆ ಮತ್ತೊಮ್ಮೆ ಮಾಡಿದೆ. ಎಡಗೈಯಲ್ಲಿದ್ದ ಎಚ್‌ಎಂಟಿ ವಾಚಿನ ನೆನಪು ಬರಲಿಲ್ಲ.

ಅತ್ತೆಯನ್ನು ಕರೆತಂದು ಕೂರಿಸಿದೆವು. ರೀಲುಗಳು ತಿರುಗಿದವು, ತಂಬೂರಿ ಗಂಭೀರವಾಗಿ ಮೊಳಗಿತು, ಆಮೇಲೆ ತುಂಬಿದ ಗಂಡು ಕಂಠವೊಂದು ವಿಳಂಬದಲ್ಲಿ ವರ್ಣ ಎತ್ತಿಕೊಂಡಿತು. ಅತ್ತೆ ಕಣ್ಣು ಮುಚ್ಚಿ ಪಲ್ಲವಿ ಮುಗಿಯುವವರೆಗೂ ಕೇಳಿ, “ಯಾರೋ ಈತ? ಚೆನ್ನಾಗಿ ಹಾಡ್ತಾನೆ” ಎಂದರು.

ನಾನು ಮಾಡಿದ ತಪ್ಪನ್ನು ಹೈಸ್ಕೂಲಿನ ಹುಡುಗನೂ ಮಾಡಲಾರ. ಯಂತ್ರ ಅಮೆರಿಕದ್ದು, 117 ವೋಲ್ಟಿನದು ಎಂದು ಟ್ರಾನ್ಸ್‌ಫಾರ್ಮರ್ ತಂದು ಹಾಕಿದ್ದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸುವುದಿಲ್ಲ. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಆವರ್ತ, ನಮ್ಮದು 50. ಈ ಯಂತ್ರದ ಸಿಂಕ್ರೊನಸ್ ಮೋಟಾರು ವೋಲ್ಟೇಜಿಗಲ್ಲ, ಆವರ್ತನಕ್ಕೆ ಹೆಜ್ಜೆ ಹಾಕುತ್ತದೆ. ಹಾಗಾಗಿ 15 ಅಂಗುಲದ ವೇಗ 12.5ಕ್ಕೆ ಇಳಿದು, 30 ನಿಮಿಷದ ಟೇಪು 36 ನಿಮಿಷ ಓಡಿ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಐದು ಮನೆ ಶ್ರುತಿಯ ಅತ್ತೆ ಮೂರು ಮನೆಗೆ, ಅದಕ್ಕೂ ಒಂದೆಳೆ ಕೆಳಕ್ಕೆ ಇಳಿದಿದ್ದರು. ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಿದರೆ ಸರಿಹೋಗುತ್ತದೆಂದು ಮಗ ಹೇಳಿದ. ಅಂಥ ಅಡ್ಡದಾರಿ ನನಗೆ ಬೇಡವಾಗಿತ್ತು. ಮೋಟಾರಿನ ಪುಲ್ಲಿಯನ್ನು, ಅಂದರೆ ಬೆಲ್ಟು ಓಡಿಸುವ ಚಕ್ರವನ್ನು, ಐದಕ್ಕೆ ಆರರ ಪ್ರಮಾಣದಲ್ಲಿ ದೊಡ್ಡದು ಮಾಡಿಸುವುದೇ ಧರ್ಮವೆಂದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲೇತಿಗೆ ಹೋದೆ.

ಲೇತಿನವನು ಹಳೆಯ ಪುಲ್ಲಿಯನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, “ಬೆಲ್ಟಿನ ದಪ್ಪ ಸೇರಿಸಿದ್ದೀರಾ ಸಾರ್?” ಎಂದ. ಸೇರಿಸಿರಲಿಲ್ಲ. ಅವನೇ ಸೇರಿಸಿ, ಬೆಲ್ಟು ಜಾರದಂತೆ ನಡುವೆ ಕಂಡೂಕಾಣದಷ್ಟು ಉಬ್ಬು ಬಿಟ್ಟು, ಹಿತ್ತಾಳೆಯಲ್ಲಿ ಕಡೆದುಕೊಟ್ಟ. ಮನೆಗೆ ಬಂದು ವೇಗ ಪರೀಕ್ಷಿಸಿದೆ: ಖಾಲಿ ಟೇಪಿನಲ್ಲಿ 75 ಅಡಿ, ಅಂದರೆ ಐವತ್ತು ಮೊಳ ಅಳೆದು ಗುರುತು ಹಾಕಿ ಓಡಿಸಿದರೆ ಸರಿಯಾಗಿ 60 ಸೆಕೆಂಡು ಹಿಡಿಯಬೇಕು. ನನ್ನ ವಾಚಿನಲ್ಲಿ 63 ಹಿಡಿಯಿತು. ಮೂರು ಸಲ ಓಡಿಸಿದರೂ 63. ನಾನು ಸ್ಕೂಟರ್ ಹತ್ತಿ ಹೋಗಿ ಲೇತಿನವನಿಗೆ ನಿಖರತೆಯ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅವನು ವಾದಿಸದೆ ನಾನು ಹೇಳಿದಷ್ಟು ದಪ್ಪದ ಇನ್ನೊಂದು ಪುಲ್ಲಿ ಕಡೆದು, ಮೊದಲಿನದನ್ನು ಬಿಸಾಡದೆ ಮೇಜಿನ ಖಾನೆಗೆ ಹಾಕಿಕೊಂಡ. ಅವನ ಮುಖದಲ್ಲಿ ಆಗ ಕಂಡದ್ದು ಪಶ್ಚಾತ್ತಾಪವೆಂದುಕೊಂಡಿದ್ದೆ.

ಆ ಭಾನುವಾರ ಒಂದು ಮದುವೆಯಿತ್ತು. ಹಿಂದಿನ ಬೆಳಗ್ಗೆ ರೇಡಿಯೊ ಕೇಳಿ ಹೊಂದಿಸಿದ್ದ ಅದೇ ವಾಚನ್ನು ಕಟ್ಟಿಕೊಂಡು ಮುಹೂರ್ತಕ್ಕೆ ಸರಿಯಾಗಿ ಛತ್ರ ತಲುಪಿದರೆ, ಅಡುಗೆಯವರು ಇನ್ನೂ ಉಪ್ಪಿಟ್ಟಿನ ರವೆ ಹುರಿಯುತ್ತಿದ್ದರು. ವಾಚಿನೊಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಕಾಂತತೆ ಸೇರಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ಮುಂದೋಡುತ್ತದೆ. ನನ್ನದು ಗಂಟೆಗೆ ಮೂರು ನಿಮಿಷ ಮುಂದೋಡುತ್ತಿತ್ತು. ತಪ್ಪು ವಾಚಿನದಲ್ಲ, ಆರತಿಯೆತ್ತಿದವನದು. ಖಾಲಿ ಛತ್ರದಲ್ಲಿ ಕೂತು ಲೆಕ್ಕ ಹಾಕಿದೆ: ಮೊದಲ ಪುಲ್ಲಿ ಸರಿಯಾಗಿತ್ತು, ಎರಡನೆಯದು ಅತ್ತೆಯನ್ನು ಐದೂವರೆ ಮನೆಯತ್ತ ದಬ್ಬುತ್ತದೆ, ಲೇತಿನವನ ಮುಖದಲ್ಲಿ ಕಂಡದ್ದು ಪಶ್ಚಾತ್ತಾಪವಲ್ಲ. ಸೋಮವಾರ ಅವನು ಖಾನೆಯಿಂದ ಮೊದಲ ಪುಲ್ಲಿಯನ್ನು ತೆಗೆದುಕೊಟ್ಟು, ಹಣ ಮುಟ್ಟದೆ, “ಟೀ ಕುಡೀತೀರಾ ಸಾರ್?” ಎಂದು ಮಾತ್ರ ಕೇಳಿದ.

ಒಣಗಿಸಿದ ಟೇಪಿನ ಅವಧಿ ಮುಗಿಯುವ ಮುನ್ನ ಅತ್ತೆಯನ್ನು ಮತ್ತೆ ಕರೆಸಿದೆವು. ಈ ಸಲ ತಂಬೂರಿ ತಿಳಿಯಾಗಿತ್ತು. ಮೂವತ್ತರ ಹರೆಯದ ಅತ್ತೆ ಐದು ಮನೆಯಲ್ಲಿ ಗಿಳಿಯ ಹಾಗೆ ಹಾಡಿದರು. ಮಾವ ಹತ್ತನೇ ಒಂದು ಸೆಕೆಂಡು ಹಿಂದೆ ಬಂದರು. ಮಗ ನಾಲ್ಕೂ ಸಾಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡ. ಎಪ್ಪತ್ತೆಂಟರ ಅತ್ತೆ ಜೊತೆಗೆ ದನಿಗೂಡಿಸಲು ಹೋಗಿ, ಮೇಲಿನ ಷಡ್ಜ ಮುಟ್ಟಲಾಗದೆ ಕೆಮ್ಮಿ ನಿಲ್ಲಿಸಿದರು.

“ಚೆನ್ನಾಗಿದೆ. ಆದರೆ ಅವತ್ತು ಹಾಡಿದನಲ್ಲ, ಆ ಗಂಡಸು, ಅವನ ಶ್ರುತಿಯೇ ನನಗೀಗ ಸರಿಯಾಗುತ್ತೆ. ಅವನ ಜೊತೆ ಹಾಡಬಹುದು. ಆ ಹಳೇ ಚಕ್ರ ಮತ್ತೆ ಹಾಕೋಕಾಗುತ್ತೇನೋ?”

ಮಗ ಕಂಪ್ಯೂಟರಿನ ಕಡೆ ಕೈಮಾಡಿ ಏನೋ ಹೇಳಲು ಬಾಯಿ ತೆರೆದ. ಅತ್ತೆ ನೋಡುತ್ತಿದ್ದದ್ದು ಮಾತ್ರ ತಿರುಗುತ್ತಿದ್ದ ರೀಲುಗಳನ್ನು. ಹಳೆಯ ಪುಲ್ಲಿಯನ್ನು ನಾನು ಮಾದರಿಗೆಂದು ಲೇತಿನವನ ಬಳಿಯೇ ಬಿಟ್ಟುಬಂದಿದ್ದೆ. ಹೆಂಡತಿ ಮಾತಾಡದೆ ಸ್ಕೂಟರಿನ ಕೀ ತಂದು ಕೈಗಿಟ್ಟಳು. ಬರುವಾಗ ಎರಡು ಹೊಸ ಸಂಡಿಗೆ ತಟ್ಟೆ ತರುವಂತೆಯೂ ಹೇಳಿದಳು.